ಮೆಟ್ಟಿಲಿನ ಸವೆದ ಕಾರ್ಪೆಟ್ ಕಿತ್ತು ಬಣ್ಣ ಹಚ್ಚುವುದು ಹೇಗೆ

ಅಮೆರಿಕದಲ್ಲಿ ಹಳೆಯ ಎರಡಂತಸ್ತಿನ ಮನೆ ಕೊಂಡವರಿಗೆ ಒಂದಲ್ಲ ಒಂದು ದಿನ ಈ ಕೆಲಸ ಎದುರಾಗುತ್ತದೆ. ಕೋಣೆಗಳ ಕಾರ್ಪೆಟ್ ಇನ್ನೂ ನಾಲ್ಕು ವರ್ಷ ಬರುವಂತಿರುತ್ತದೆ, ಮೆಟ್ಟಿಲಿನದು ಮಾತ್ರ ಅಂಚಿನಲ್ಲಿ ನೂಲು ಬಿಟ್ಟಿರುತ್ತದೆ. ಕಾರ್ಪೆಟ್ ಕಿತ್ತು, ಅಡಿಯ ಮರಕ್ಕೆ ಬಣ್ಣ ಹಚ್ಚುವುದು ಕಡಿಮೆ ಖರ್ಚಿನ ದಾರಿ. ಆದರೆ ಇದು ನಿಜದಲ್ಲಿ ಬಡಗಿ ಕೆಲಸ, ಬಣ್ಣ ಅದರ ಬಾಲ. ಡಬ್ಬಿ ತೆರೆಯುವ ಮೊದಲಿನ ಕೆಲಸ ಸರಿಯಾಗದಿದ್ದರೆ ಎಷ್ಟು ದುಬಾರಿ ಬಣ್ಣ ತಂದರೂ ಒಂದು ಚಳಿಗಾಲ ಕಳೆಯುವುದರೊಳಗೆ ಎದ್ದು ಬರುತ್ತದೆ.

ಮುಂದಿನ ಮಾತಿಗೆ ಎರಡು ಹೆಸರು ಬೇಕು. ಕಾಲಿಡುವ ಹಲಗೆ ಟ್ರೆಡ್, ನೆಟ್ಟಗೆ ನಿಂತ ಹಲಗೆ ರೈಸರ್. ಟ್ರೆಡ್‌ನ ಮುಂದಕ್ಕೆ ಚಾಚಿದ ಅಂಚನ್ನು ಇಲ್ಲಿ ಮೂತಿ ಎನ್ನೋಣ.

ಕೀಳುವ ಮುನ್ನ ಇಣುಕಿ ನೋಡಿ

ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನ ಒಂದು ಮೂಲೆಯನ್ನು ಇಕ್ಕಳದಿಂದ ಹಿಡಿದು ಒಂದು ಗೇಣು ಎತ್ತಿ. ಕೆಲಸ ಬೇಡವೆನಿಸಿದರೆ ಮತ್ತೆ ಒತ್ತಿ ಕೂರಿಸಬಹುದು. ಸುಮಾರು ಒಂದು ಇಂಚು ದಪ್ಪದ, ದುಂಡು ಮೂತಿಯ ಪೈನ್ ಹಲಗೆ ಕಂಡರೆ ಧೈರ್ಯವಾಗಿ ಮುಂದುವರಿಯಿರಿ. ಪ್ಲೈವುಡ್ ಆದರೆ ಮೂತಿಯಲ್ಲಿ ಪದರಗಳು ಕಾಣುತ್ತವೆ. ಅದಕ್ಕೆ ಮರದ ಪಟ್ಟಿಯೊಂದನ್ನು ಅಂಟಿಸಿ ಮುಚ್ಚದೆ ಬಣ್ಣ ನಿಲ್ಲುವುದಿಲ್ಲ. ಸ್ಕ್ರೂಡ್ರೈವರ್ ತುದಿಯಿಂದ ಅಂಚನ್ನು ಕೆದಕಿದಾಗ ಪುಡಿ ಉದುರಿದರೆ ಅದು ಪಾರ್ಟಿಕಲ್ ಬೋರ್ಡ್. ಕಾರ್ಪೆಟ್‌ನ ರಕ್ಷಣೆ ಹೋದ ಮೇಲೆ ಅದರ ಮೂತಿ ಹೆಚ್ಚು ದಿನ ಉಳಿಯದು. ಅಂಥ ಮೆಟ್ಟಿಲಿಗೆ ಬಣ್ಣದ ಯೋಚನೆ ಬಿಟ್ಟು, ಹಳೆಯದರ ಮೇಲೆಯೇ ಕೂರುವ ರೆಟ್ರೋಫಿಟ್ ಟ್ರೆಡ್ ಹಾಕುವುದು ಲೇಸು.

ಮನೆ 1978ಕ್ಕಿಂತ ಹಳೆಯದಾಗಿದ್ದು ಮರದ ಮೇಲೆ ಹಳೇ ಬಣ್ಣ ಕಂಡರೆ ಉಜ್ಜಬೇಡಿ. ಅಮೆರಿಕದಲ್ಲಿ ಮನೆಬಣ್ಣಕ್ಕೆ ಸೀಸ ಬಳಸುವುದು ನಿಂತದ್ದು ಆ ವರ್ಷ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಸೀಸದ ಧೂಳು ಆಟದ ಮಾತಲ್ಲ, ಮೊದಲು ಪರೀಕ್ಷೆ ಮಾಡಿಸಿ. ಒಂಬತ್ತಿಂಚಿನ ಚೌಕದ ಹಳೇ ಟೈಲ್ ಕಂಡರೂ ನಿಲ್ಲಿಸಿ, ಅದರಲ್ಲಿ ಆಸ್‌ಬೆಸ್ಟಾಸ್ ಇರುವ ಸಾಧ್ಯತೆ ಹೆಚ್ಚು.

ಎತ್ತರದ ಲೆಕ್ಕ

ಈ ಲೆಕ್ಕವನ್ನು ಹೆಚ್ಚಿನವರು ಹಾಕುವುದೇ ಇಲ್ಲ. ಕಾರ್ಪೆಟ್ ಮತ್ತು ಅದರಡಿಯ ಮೆತ್ತೆ ಸೇರಿ 5/8 ಇಂಚು ದಪ್ಪ ಇತ್ತೆನ್ನಿ. ಕಿತ್ತಾಗ ಪ್ರತಿ ಟ್ರೆಡ್ಡೂ ಅಷ್ಟು ಕೆಳಗಿಳಿಯುತ್ತದೆ, ಆದರೆ ಕೆಳಗಿನ ಹಾಲ್ ಮತ್ತು ಮೇಲಿನ ಪಡಸಾಲೆ ಇದ್ದಲ್ಲೇ ಇರುತ್ತವೆ. ನಡುವಿನ ಮೆಟ್ಟಿಲುಗಳ ಅಂತರ ಬದಲಾಗದು. ಬದಲಾಗುವುದು ಎರಡು ತುದಿಗಳಲ್ಲಿ. ಎಲ್ಲ ಏರೂ 7 1/2 ಇಂಚು ಇದ್ದ ಮನೆಯಲ್ಲಿ ಮೊದಲ ಏರು 6 7/8ಕ್ಕೆ ಇಳಿಯುತ್ತದೆ, ಕೊನೆಯದು 8 1/8ಕ್ಕೆ ಏರುತ್ತದೆ. ಅಲ್ಲಿನ ಬಹುಪಾಲು ರಾಜ್ಯಗಳು ಆಧಾರವಾಗಿಟ್ಟುಕೊಂಡ ವಸತಿ ಕಟ್ಟಡ ನಿಯಮದ ಪ್ರಕಾರ ಒಂದೇ ಮೆಟ್ಟಿಲಸಾಲಿನ ಅತಿ ದೊಡ್ಡ ಮತ್ತು ಅತಿ ಚಿಕ್ಕ ಏರಿನ ನಡುವೆ 3/8 ಇಂಚಿಗಿಂತ, ಅಂದರೆ ಒಂಬತ್ತೂವರೆ ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಾರಣ ಸರಳ: ಎರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಕಾಲು ಎತ್ತರ ಕಲಿತುಬಿಡುತ್ತದೆ, ಆಮೇಲೆ ನೋಡುವುದಿಲ್ಲ. ಊರಿಂದ ಬಂದ ಅಪ್ಪ-ಅಮ್ಮ ಕತ್ತಲಲ್ಲಿ ನೀರಿಗೆಂದು ಇಳಿಯುವ ಮನೆಯಲ್ಲಿ ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ.

ಆದ್ದರಿಂದ ಮೊದಲು ಅಳೆಯಿರಿ. ಮೇಲಿನ ಮತ್ತು ಕೆಳಗಿನ ನೆಲದ ಕಾರ್ಪೆಟ್ ಕೂಡ ತೆಗೆದು ತೆಳು ನೆಲಹಾಸು ಹಾಕುವ ಯೋಜನೆ ಇದ್ದರೆ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಇಲ್ಲದಿದ್ದರೆ ನಡುವೆ ರನ್ನರ್, ಅಂದರೆ ಮೆಟ್ಟಿಲುದ್ದಕ್ಕೂ ಇಳಿಯುವ ಕಿರಿದಾದ ಕಾರ್ಪೆಟ್ ಪಟ್ಟಿ, ಹಾಸಿ: 36 ಇಂಚು ಅಗಲದ ಮೆಟ್ಟಿಲಿಗೆ 27 ಇಂಚಿನ ರನ್ನರ್ ಬಿಗಿದರೆ ಇಕ್ಕೆಲದಲ್ಲಿ ನಾಲ್ಕೂವರೆ ಇಂಚು ಬಣ್ಣದ ಮರ ಕಾಣುತ್ತದೆ, ಹಳೆಯ ಎತ್ತರವೂ ಬಹುಮಟ್ಟಿಗೆ ಮರಳುತ್ತದೆ, ಜಾರುವ ಭಯವೂ ಇಲ್ಲ. ವಯಸ್ಸಾದವರಿರುವ ಮನೆಗೆ ನಮ್ಮ ಮೊದಲ ಆಯ್ಕೆ ಇದೇ.

ಕೀಳುವುದು

ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ, ಎನ್95 ಮಾಸ್ಕ್, ಗಟ್ಟಿ ಅಟ್ಟೆಯ ಶೂ. ಈ ಕೆಲಸ ಮುಗಿಯುವ ತನಕ ಯಾರೂ ಬರಿಗಾಲಲ್ಲಿ ಮೆಟ್ಟಿಲ ಮೇಲೆ ಬರಕೂಡದು. ಮೇಲಿನಿಂದ ಶುರು ಮಾಡಿ. ಮೇಲಿನ ನೆಲದ ಕಾರ್ಪೆಟ್ ಉಳಿಸುವುದಿದ್ದರೆ ಕೊನೆಯ ಮೂತಿಯ ಕೆಳಗೆ ನೇರಪಟ್ಟಿ ಇಟ್ಟು ಹೊಸ ಬ್ಲೇಡಿನಿಂದ ಕತ್ತರಿಸಿ, ಆಮೇಲೆ ಕೆಳಕ್ಕೆ ಎಳೆಯುತ್ತ ಬನ್ನಿ. ಎರಡು ಮೂರು ಮೆಟ್ಟಿಲಿನಷ್ಟು ತುಂಡು ಮಾಡಿ ಸುರುಳಿ ಸುತ್ತಿ ಟೇಪ್ ಹಾಕಿದರೆ ಸಾಗಿಸುವುದು ಸುಲಭ.

ಪ್ರತಿ ಮೆಟ್ಟಿಲಿನ ಒಳಮೂಲೆಯಲ್ಲಿ ಕಾರ್ಪೆಟ್ಟನ್ನು ಕಚ್ಚಿ ಹಿಡಿಯುವ ಮೊಳೆಪಟ್ಟಿ ಇರುತ್ತದೆ: ಟ್ರೆಡ್‌ನ ಹಿಂಬದಿಗೆ ಒಂದು, ಹಲವು ಕಡೆ ರೈಸರ್‌ನ ಬುಡಕ್ಕೂ ಒಂದು. ಚಪ್ಪಟೆ ಸಬ್ಬಲನ್ನು ಪಟ್ಟಿಯ ಮೊಳೆ ಇರುವ ಜಾಗದ ಅಡಿಗೇ ತೂರಿಸಿ ಸುತ್ತಿಗೆಯಿಂದ ತಟ್ಟಿ, ಮೀಟಿ. ಸಬ್ಬಲಿನ ಕೆಳಗೆ ತೆಳು ಮರದ ಚೂರು ಇಟ್ಟರೆ ಟ್ರೆಡ್‌ಗೆ ಗುಳಿ ಬೀಳದು.

ಬೇಸರದ ಕೆಲಸ ಸ್ಟೇಪಲ್ ಪಿನ್ನುಗಳದ್ದು. ಮೆತ್ತೆ ಹಿಡಿದಿಡಲು ಹೊಡೆದವು ಒಂದೊಂದು ಟ್ರೆಡ್‌ನಲ್ಲೂ ಹತ್ತಾರು ಇರುತ್ತವೆ, ಮೂತಿಯ ಅಡಿಯಲ್ಲೂ ಸಾಲಾಗಿ ಇರುತ್ತವೆ. ಚೂಪು ಮೂತಿಯ ಇಕ್ಕಳದಿಂದ ಒಂದು ಕಾಲು ಹಿಡಿದು ಅತ್ತಿತ್ತ ತಿರುಚಿ ಎತ್ತಿ. ತುಂಡಾದದ್ದನ್ನು ಮೊಳೆ ಒಳಹೊಡೆಯುವ ಉಳಿಯಿಂದ ಮರದೊಳಗೆ ಇಳಿಸಿ. ಎಲ್ಲ ತೆಗೆದೆವು ಎನಿಸಿದ ಮೇಲೆ ಟಾರ್ಚನ್ನು ಟ್ರೆಡ್‌ಗೆ ಅಡ್ಡಡ್ಡ ಮಲಗಿಸಿ ಬೆಳಕು ಬಿಡಿ, ಉಳಿದ ಪಿನ್ನುಗಳ ನೆರಳು ಉದ್ದಕ್ಕೆ ಬೀಳುತ್ತದೆ. ಕೈಯಾಡಿಸಿ ಹುಡುಕಲು ಹೋದರೆ ರಕ್ತ ಗ್ಯಾರಂಟಿ.

ಕಿರಿಕಿರಿ ಸದ್ದು, ಸಂದಿ, ರೈಸರ್

ಬಣ್ಣ ಬಿದ್ದ ಮೇಲೆ ಕಿರುಗುಟ್ಟುವ ಮೆಟ್ಟಿಲನ್ನು ಸರಿಪಡಿಸಲಾಗದು, ಈಗಲೇ ಸರಿ. ಇಬ್ಬರು ಬೇಕು: ಒಬ್ಬರು ತುಳಿಯುವುದು, ಇನ್ನೊಬ್ಬರು ಕಿವಿಗೊಡುವುದು. ಸದ್ದು ಬಂದಲ್ಲಿ ಟ್ರೆಡ್ ಮೂಲಕ ಕೆಳಗಿನ ಓರೆ ತೊಲೆಗೆ ಎರಡೂವರೆ ಇಂಚಿನ ಎಂಟನೇ ನಂಬರ್ ಮರದ ಸ್ಕ್ರೂ ಹಾಕಿ. ಮೊದಲು ತೂತು ಕೊರೆದುಕೊಳ್ಳದಿದ್ದರೆ ಪೈನ್ ಸೀಳುತ್ತದೆ. ಸ್ಕ್ರೂ ತಲೆ ಹಲಗೆಯ ಮಟ್ಟಕ್ಕಿಂತ ಸ್ವಲ್ಪ ಕೆಳಗಿರಲಿ. ಮುಂಭಾಗದಲ್ಲಿ ಸದ್ದು ಬಂದರೆ ಟ್ರೆಡ್‌ನಿಂದ ರೈಸರ್‌ನ ತಲೆಗೂ ಎರಡು ಸ್ಕ್ರೂ.

ಕಾರ್ಪೆಟ್ ಮುಚ್ಚುತ್ತದೆಂಬ ಭರವಸೆಯಲ್ಲಿ ಕಟ್ಟಿದ ರೈಸರ್‌ಗಳು ಸಾಮಾನ್ಯವಾಗಿ ಅಸಹ್ಯವಾಗಿರುತ್ತವೆ: ಸುತ್ತಿಗೆ ಏಟಿನ ಗುಳಿ, ಗೋಡೆ ಗಾರೆಯ ಚಿಮ್ಮು, ಕಂಪನಿಯ ಮುದ್ರೆ. ಪುಟ್ಟಿ ತುಂಬಿ ಉಜ್ಜುತ್ತ ಕೂರುವುದಕ್ಕಿಂತ ಕಾಲು ಇಂಚಿನ ಪ್ಲೈವುಡ್ ಕತ್ತರಿಸಿ ಮೇಲೆ ಹೊದಿಸುವುದೇ ಬೇಗದ ಕೆಲಸ. ಹದಿನಾಲ್ಕು ರೈಸರ್‌ಗಳಿಗೆ ನಾಲ್ಕಡಿ-ಎಂಟಡಿಯ ಒಂದೇ ಹಾಳೆ ಸಾಕಾಗುತ್ತದೆ. ಪ್ರತಿಯೊಂದನ್ನೂ ಬೇರೆ ಬೇರೆ ಅಳೆದು ಹಿಂಬದಿಯಲ್ಲಿ ನಂಬರ್ ಬರೆಯಿರಿ, ಎರಡು ರೈಸರ್ ಒಂದೇ ಅಳತೆಯಲ್ಲಿರುವುದು ಅಪರೂಪ. ಗಮ್ ಬಳಿದು ಸಣ್ಣ ಮೊಳೆ ಹೊಡೆದರೆ ಮುಗಿಯಿತು.

ಟ್ರೆಡ್ ಮತ್ತು ಗೋಡೆಗುಂಟ ಮೆಟ್ಟಿಲ ಜೊತೆ ಏರುವ ಗೋಡೆಪಟ್ಟಿಯ ನಡುವೆ ಅರ್ಧ ಇಂಚಿನವರೆಗೂ ಸಂದಿ ಇರಬಹುದು. ಕಾಲು ಇಂಚಿನೊಳಗಿದ್ದರೆ ಬಣ್ಣ ಹಿಡಿಯುವ ಅಕ್ರಿಲಿಕ್ ಕಾಲ್ಕ್ (ಸಂದಿ ಮುಚ್ಚುವ ಮೆತ್ತನೆಯ ಪೇಸ್ಟ್) ತುಂಬಿ. ಅದಕ್ಕಿಂತ ದೊಡ್ಡದಕ್ಕೆ ಮೊದಲು ಫೋಮ್ ಹಗ್ಗ ತುರುಕಿ, ಇಲ್ಲವೇ ತೆಳು ಮರದ ಬೀಡಿಂಗ್ ಹೊಡೆಯಿರಿ. ಇಲ್ಲಿ ಮರದ ಪುಟ್ಟಿ ಬೇಡ. ಈ ಸಂದಿಗಳು ಹೀಟರ್ ಓಡುವ ತಿಂಗಳುಗಳಲ್ಲಿ ಅಗಲವಾಗಿ ಬೇಸಗೆಯಲ್ಲಿ ಕಿರಿದಾಗುತ್ತವೆ. ಪುಟ್ಟಿ ಗಟ್ಟಿಯಾದ್ದರಿಂದ ಬಿರಿಯುತ್ತದೆ, ಕಾಲ್ಕ್ ಎಳೆದಂತೆ ಹಿಗ್ಗುತ್ತದೆ. ಪುಟ್ಟಿ ಬೇಕಾದದ್ದು ಪಿನ್ನು, ಮೊಳೆ, ಸ್ಕ್ರೂ ತೂತುಗಳಿಗೆ. ಮೂತಿ ಚಕ್ಕೆ ಹೋಗಿದ್ದರೆ ಗಟ್ಟಿಕಾರಕ ಬೆರೆಸುವ ಎರಡು ಭಾಗದ ಫಿಲ್ಲರ್ ಬೇಕು. ಕಲಸಿದ ಕೆಲವೇ ನಿಮಿಷಕ್ಕೆ ಕಲ್ಲಾಗುವುದರಿಂದ ನಿಂಬೆಹಣ್ಣಿಗಿಂತ ಹೆಚ್ಚು ಒಮ್ಮೆಗೆ ಕಲಸಬೇಡಿ.

ಉಜ್ಜುವುದು, ಗಂಟು ಮುಚ್ಚುವುದು

80 ನಂಬರ್ ಸ್ಯಾಂಡ್‌ಪೇಪರಿನಿಂದ ಶುರುಮಾಡಿ 120ಕ್ಕೆ ನಿಲ್ಲಿಸಿ. ಇನ್ನೂ ನುಣುಪು ಮಾಡಿದರೆ ಪ್ರೈಮರ್‌ಗೆ ಹಿಡಿತ ಸಿಗದು. ಮೂತಿಯ ಚೂಪು ಅಂಚನ್ನು ಸ್ವಲ್ಪ ದುಂಡಗೆ ಮಾಡಿ. ಚೂಪಾದ ಅಂಚಿನ ಮೇಲೆ ಬಣ್ಣ ತೆಳುವಾಗಿ ಕೂರುತ್ತದೆ, ಸವೆತ ಶುರುವಾಗುವುದೂ ಅಲ್ಲಿಂದಲೇ. ವ್ಯಾಕ್ಯೂಮ್ ಮಾಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡಿ.

ಪೈನ್ ಮರದ ಗಂಟುಗಳಲ್ಲಿ ರಾಳ ಇರುತ್ತದೆ. ನೀರಿನ ಪ್ರೈಮರ್ ಎಷ್ಟು ಕೋಟ್ ಹೊಡೆದರೂ ಕೆಲವು ತಿಂಗಳಲ್ಲಿ ಕಂದು ಕಣ್ಣಿನಂತೆ ಮೇಲೆದ್ದು ಬರುತ್ತದೆ. ಗಂಟುಗಳ ಮೇಲೆ ಮಾತ್ರ ಅರಗಿನ ಪ್ರೈಮರ್, ಜಿನ್ಸರ್ ಬಿಐಎನ್‌ನಂಥದ್ದು, ಎರಡು ಸಲ ಹಚ್ಚಿ. ಇಪ್ಪತ್ತು ನಿಮಿಷಕ್ಕೆ ಒಣಗುತ್ತದೆ. ಇದರಲ್ಲಿರುವುದು ಸ್ಪಿರಿಟ್. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಗ್ಯಾಸ್ ಹೀಟರ್ ಇದ್ದರೆ ಅದರ ಪೈಲಟ್ ಜ್ವಾಲೆ ಆರಿಸದೆ ಡಬ್ಬಿ ತೆರೆಯಬೇಡಿ, ಕಿಟಕಿಗಳೂ ತೆರೆದಿರಲಿ. ಉಳಿದ ಮರಕ್ಕೆಲ್ಲ ನೀರಿನ ಬಾಂಡಿಂಗ್ ಪ್ರೈಮರ್ ಸಾಕು.

ಯಾವ ಬಣ್ಣ, ಎಷ್ಟು

ಗೋಡೆ ಬಣ್ಣ ಮಿಕ್ಕಿದೆಯೆಂದು ಟ್ರೆಡ್‌ಗೆ ಹಚ್ಚಬೇಡಿ. ಅದು ಒಣಗಿದ ಮೇಲೂ ಮೆತ್ತಗೇ ಉಳಿಯುತ್ತದೆ, ಶೂ ಅಟ್ಟೆಗೆ ಅಂಟಿಕೊಂಡು ಚಕ್ಕೆ ಕಳಚುತ್ತದೆ. ಟ್ರೆಡ್‌ಗೆ ಬೇಕಾದದ್ದು ತುಳಿತ ತಡೆಯುವ ನೆಲದ ಬಣ್ಣವಾದ ಪೋರ್ಚ್ ಆ್ಯಂಡ್ ಫ್ಲೋರ್ ಎನಾಮೆಲ್, ರೈಸರ್ ಮತ್ತು ಗೋಡೆಪಟ್ಟಿಗೆ ಬಿಳಿಯ ಸೆಮಿಗ್ಲಾಸ್ (ಅರೆಹೊಳಪಿನ) ಟ್ರಿಮ್ ಬಣ್ಣ. ಟ್ರೆಡ್‌ಗೆ ಅಚ್ಚ ಕಪ್ಪು ಬೇಡ, ಒಂದೊಂದು ಧೂಳಿನ ಕಣವೂ ಎದ್ದು ಕಾಣುತ್ತದೆ. ನಡು ಬೂದು ಅಥವಾ ಕಾಫಿ ಬಣ್ಣ ಕೊಳೆಯನ್ನು ಸಹಿಸುತ್ತದೆ. ರೈಸರ್ ಮತ್ತು ಟ್ರೆಡ್ ಬೇರೆ ಬಣ್ಣವಾಗಿದ್ದರೆ ಇಳಿಯುವವರಿಗೆ ಮೂತಿ ಎಲ್ಲಿ ಮುಗಿಯಿತೆಂಬುದು ಸುಲಭವಾಗಿ ತಿಳಿಯುತ್ತದೆ.

ಹದಿಮೂರು ಟ್ರೆಡ್, ಹದಿನಾಲ್ಕು ರೈಸರ್, 36 ಇಂಚು ಅಗಲದ ಮೆಟ್ಟಿಲಿಗೆ ಲೆಕ್ಕ ಹೀಗೆ: ಮೂತಿ ಸೇರಿ ಟ್ರೆಡ್‌ಗಳು ಸುಮಾರು 37 ಚದರಡಿ, ರೈಸರ್‌ಗಳು 26, ಎರಡೂ ಬದಿಯ ಗೋಡೆಪಟ್ಟಿ ಸುಮಾರು 15. ಒಂದು ಕ್ವಾರ್ಟ್ (ಲೀಟರಿಗೆ ತುಸು ಕಡಿಮೆ) ಬಣ್ಣ 90ರಿಂದ 100 ಚದರಡಿ ಎಳೆಯುತ್ತದೆ. ಹಾಗಾಗಿ ಎರಡು ಕೋಟ್‌ಗೆ ಎನಾಮೆಲ್ ಒಂದು ಕ್ವಾರ್ಟ್, ಬಿಳಿ ಒಂದು ಕ್ವಾರ್ಟ್. ಬರಿ ಮರ ಕುಡಿಯುವುದರಿಂದ ಪ್ರೈಮರ್ ಮಾತ್ರ ಎರಡು ಕ್ವಾರ್ಟ್ ತನ್ನಿ.

ಹಚ್ಚುವ ಕ್ರಮ

ರೈಸರ್ ಮತ್ತು ಗೋಡೆಪಟ್ಟಿ ಮೊದಲು ಪೂರ್ತಿ ಮುಗಿಸಿ. ಎರಡಿಂಚಿನ ಓರೆ ಬ್ರಷ್ಷಿನಿಂದ ಅಂಚು, ನಾಲ್ಕಿಂಚಿನ ಸಣ್ಣ ರೋಲರಿನಿಂದ ನಡು. ಟ್ರೆಡ್‌ಗಳನ್ನು ರಾತ್ರಿ ಊಟದ ನಂತರ, ಎಲ್ಲರೂ ಮೇಲೆ ಮಲಗಲು ಹೋಗುವಾಗ, ಕೆಳಗಿನಿಂದ ಮೇಲಕ್ಕೆ ಹಚ್ಚುತ್ತ ಹತ್ತಿ. ಒಂದು ಬಿಟ್ಟು ಒಂದು ಮೆಟ್ಟಿಲಿಗೆ ಹಚ್ಚುವ ಉಪಾಯ ಅನೇಕರು ಹೇಳುತ್ತಾರೆ. ಅದರಲ್ಲಿ ಮನೆಯವರೆಲ್ಲ ಹದಿನೈದು ಇಂಚಿನ ಹೆಜ್ಜೆ ಹಾಕಬೇಕು, ಮಕ್ಕಳು ಮುದುಕರಿದ್ದರೆ ಬೇಡ. ಹಚ್ಚುವಾಗ ಹೀಟರಿನ ಫ್ಯಾನ್ ಆರಿಸಿಡಿ, ಧೂಳು ಹಾರಿ ಬಂದು ಕೂರುತ್ತದೆ. ಕೋಣೆ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ತಣ್ಣಗಿದ್ದರೆ ಬಣ್ಣ ಸರಿಯಾಗಿ ಬಿಗಿಯದು.

ಎರಡನೇ ಕೋಟ್‌ಗೆ ಜಾರದಂತೆ ಮಾಡುವ ಪುಡಿ ಬೆರೆಸಿ. ಇದನ್ನು ಬಿಟ್ಟರೆ ಸಾಕ್ಸ್ ಹಾಕಿದ ಕಾಲು ನಿಲ್ಲುವುದಿಲ್ಲ. ಪಾಲಿಮರ್ ಪುಡಿ ಬರಿಗಾಲಿಗೆ ಹಿತ, ಅಲ್ಯೂಮಿನಿಯಂ ಆಕ್ಸೈಡ್ ಚುಚ್ಚುತ್ತದೆ. ಪೊಟ್ಟಣಗಳು ಸಾಮಾನ್ಯವಾಗಿ ಗ್ಯಾಲನ್ ಲೆಕ್ಕದಲ್ಲಿರುತ್ತವೆ, ಕ್ವಾರ್ಟ್‌ಗೆ ಅದರ ಕಾಲುಭಾಗ. ಪುಡಿ ತಳಕ್ಕಿಳಿಯುವುದರಿಂದ ಪ್ರತಿ ಎರಡು ಮೆಟ್ಟಿಲಿಗೊಮ್ಮೆ ಕಲಕಿ, ಇಲ್ಲವಾದರೆ ಕೊನೆಯ ಮೆಟ್ಟಿಲು ಉಪ್ಪುಕಾಗದದಂತಾಗುತ್ತದೆ.

ಒಣಗುವುದೇ ಬೇರೆ, ಗಟ್ಟಿಯಾಗುವುದೇ ಬೇರೆ. ಒಂದು ದಿನಕ್ಕೆ ಸಾಕ್ಸ್‌ನಲ್ಲಿ ನಡೆಯಬಹುದು, ಶೂಗೆ ಮೂರು ದಿನ ಕೊಡಿ, ಪೂರ್ತಿ ಬಿಗಿಯಲು ತಿಂಗಳೂ ಹಿಡಿದೀತು. ರನ್ನರ್ ಬಿಗಿಯುವುದಿದ್ದರೆ ಅಲ್ಲಿಯವರೆಗೆ ತಡೆಯಿರಿ. ರಬ್ಬರ್ ತಳದ ಮ್ಯಾಟನ್ನಂತೂ ಯಾವತ್ತೂ ಹಾಕಬೇಡಿ, ರಬ್ಬರಿನ ಅಂಶ ಬಣ್ಣಕ್ಕಿಳಿದು ಕಲೆ ಮಾಡುತ್ತದೆ.

ಬಿಳಿ ಭಾಗದ ಮೇಲೆ ರಕ್ಷಣೆಗೆಂದು ಎಣ್ಣೆಯ ಪಾಲಿಯುರಿಥೇನ್ ಹೊಡೆದರೆ ಹಳದಿಗೆ ತಿರುಗುತ್ತದೆ, ಬೇಕೆನಿಸಿದರೆ ನೀರಿನದು ಬಳಸಿ. ಬಣ್ಣ ಹಾಳೆಯಂತೆ ಎದ್ದರೆ ಅಡಿಯಲ್ಲಿ ಧೂಳು ಉಳಿದಿತ್ತು ಅಥವಾ ಪ್ರೈಮರ್ ತಪ್ಪಿತು ಎಂದರ್ಥ, ಮೇಲೆ ಇನ್ನೊಂದು ಕೋಟ್ ಹಚ್ಚಿ ಪ್ರಯೋಜನವಿಲ್ಲ, ಆ ಟ್ರೆಡ್ಡನ್ನು ಮರದವರೆಗೆ ಉಜ್ಜಿ ಮತ್ತೆ ಶುರುಮಾಡಬೇಕು. ಮೂತಿಯಲ್ಲಿ ಬಣ್ಣ ತೆಳುವಾದರೆ ಮಾತ್ರ 120ರಿಂದ ಮೆಲ್ಲಗೆ ಉಜ್ಜಿ ಒಂದು ಕೋಟ್ ಸಾಕು. ಉಳಿದ ಎನಾಮೆಲನ್ನು ಸಣ್ಣ ಗಾಜಿನ ಜಾಡಿಗೆ ಬಾಯಿತನಕ ತುಂಬಿ, ಬಣ್ಣದ ಹೆಸರು ಮತ್ತು ನಂಬರ್ ಬರೆದು ಮುಚ್ಚಿಡಿ. ಗ್ಯಾರೇಜಿನಲ್ಲಿ ಬೇಡ, ಚಳಿಗೆ ಹೆಪ್ಪುಗಟ್ಟಿ ಕೆಡುತ್ತದೆ.