ಮೊದಲು ಓವನ್, ಆಮೇಲೆ ಕಾವಲಿ

ದನದ ಮಾಂಸದ ದಪ್ಪ ತುಂಡನ್ನು (ಸ್ಟೇಕ್) ನಾನು ಮೊದಲು ಓವನ್‌ನಲ್ಲಿ ಬೇಯಿಸಿ, ಕೊನೆಗೆ ಕಾವಲಿಯಲ್ಲಿ ಸುಡುತ್ತೇನೆ. "ಮೊದಲು ಕಾವಲಿಗೆ ಹಾಕಿದರೆ ತಾನೇ ರಸ ಒಳಗೆ ಉಳಿಯೋದು?" ಅಂತ ಕೇಳದವರಿಲ್ಲ. ಅದೇ ಜನ ಈಗ ಎರಡನೇ ಸಲ ತಟ್ಟೆ ಮುಂದೆ ಹಿಡಿಯುತ್ತಾರೆ. ಸುಟ್ಟ ಪದರ ರಸವನ್ನು ತಡೆಯೋದಿಲ್ಲ. ಕೆಂಪಗಾದ ಮೇಲೂ ಕಾವಲಿ ಚೊಯ್ ಅನ್ನುತ್ತಲ್ಲ, ಅದು ಹೊರಗೆ ಬರುತ್ತಿರುವ ರಸವೇ.

ಇದನ್ನು ಕಲಿಯುವಾಗ ದುಡ್ಡು ಹೋಗಿದ್ದೆಲ್ಲ ರಿಬ್‌ಐಗೆ, ಅಂದರೆ ಪಕ್ಕೆಲುಬಿನ ಭಾಗದ ತುಂಡಿಗೆ. ನೇರ ಉರಿಗೆ ಹಾಕಿದರೆ ಸುತ್ತ ಬೆರಳಗಲ ಬೂದು ಬಣ್ಣ, ನಡುವೆ ಮಾತ್ರ ಗುಲಾಬಿ. ಪಪ್ಪಾಯಿ ರಸ ಸವರಿ ಇಟ್ಟದ್ದಂತೂ ಮೇಲೆ ಅಂಟಂಟು, ಒಳಗೆ ಹಾಗೇ ಗಟ್ಟಿ. ಹಾಳಾದ ಮಾಂಸದ ದುಡ್ಡಿಗೆ ಮಾಂಸಕ್ಕೆ ಚುಚ್ಚಿ ಒಳಗಿನ ಶಾಖ ನೋಡುವ ಒಳ್ಳೆ ಪ್ರೋಬ್ ಥರ್ಮಾಮೀಟರ್ ಯಾವತ್ತೋ ಬರುತ್ತಿತ್ತು. ಈಗ ಅದಿಲ್ಲದೆ ಒಲೆ ಹಚ್ಚೋದಿಲ್ಲ.

ದಪ್ಪ 4 ಸೆಂ.ಮೀ. ಇರಲೇಬೇಕು, ತೆಳುವಾದದ್ದಕ್ಕೆ ಈ ಕ್ರಮ ಬೇಡ. ಹಿಂದಿನ ರಾತ್ರಿ ಉಪ್ಪು ಸವರಿ, ಜಾಲರಿ ಮೇಲೆ ಮುಚ್ಚದೆ ಫ್ರಿಜ್‌ನಲ್ಲಿ ಇಡುತ್ತೇನೆ. ಕಿಲೋಗೆ 10–12 ಗ್ರಾಂ ಇರಬಹುದು, ಕೈ ಅಳತೆ. ಸ್ವಲ್ಪ ಹೊತ್ತಿಗೆ ಮಾಂಸ ಬೆವರುತ್ತೆ. ಬೆಳಗಾಗುವಷ್ಟರಲ್ಲಿ ಆ ನೀರು ಬಹುಪಾಲು ಉಪ್ಪಿನ ಸಮೇತ ಒಳಗಿಳಿದು, ಮೇಲ್ಮೈ ಗಾಢ ಕೆಂಪಾಗಿ, ಮುಟ್ಟಿದರೆ ತೊಗಲಿನ ಹಾಗೆ ಒಣಗಿರುತ್ತೆ. ಉಪ್ಪಿನ ಜೊತೆ ಇನ್ನೊಂದು ಪುಡಿಯೂ ಸೇರುತ್ತೆ. ಅದು ನನ್ನ ಹತ್ತಿರವೇ ಇರಲಿ.

ಓವನ್ 120 ಡಿಗ್ರಿ. ಮಾಂಸದ ನಟ್ಟನಡುವೆ 48 ತೋರಿಸಿದ ತಕ್ಷಣ ಹೊರಗೆ. ಮುಕ್ಕಾಲು ಗಂಟೆ ಹತ್ತಿರ ಹಿಡಿಯುತ್ತೆ. ಎರಕದ ಕಾವಲಿ ಅಷ್ಟರಲ್ಲಿ ಹೊಗೆಯಾಡುತ್ತಿರಬೇಕು. ಬೆಣ್ಣೆಯಲ್ಲಿನ ಹಾಲಿನ ಅಂಶ ಸೀದುಹೋಗುತ್ತೆ, ಅದಕ್ಕೇ ತುಪ್ಪ. ಮೇಲೆ ನೀರಿದ್ದರೆ ಶಾಖವೆಲ್ಲ ಅದನ್ನು ಆವಿ ಮಾಡೋದಕ್ಕೇ ಹೋಗುತ್ತೆ, 100 ಡಿಗ್ರಿ ದಾಟೋದಿಲ್ಲ. ಕಂದು ಬಣ್ಣ ಚುರುಕಾಗಿ ಬರೋದು 140ರ ಮೇಲೆ. ಓವನ್ ಮೊದಲೇ ಒಣಗಿಸಿರೋದರಿಂದ ಒಂದೊಂದು ಬದಿಗೆ ಒಂದು ನಿಮಿಷ ಸಾಕು. ಅಂಚುಗಳನ್ನೂ ನಿಲ್ಲಿಸಿ ಸುಡುತ್ತೇನೆ. ಒಳಗೆ 55ರ ಆಸುಪಾಸು, ಅಂಚಿನಿಂದ ಅಂಚಿಗೆ ಒಂದೇ ಗುಲಾಬಿ. ಇಷ್ಟು ಸಮನಾಗಿ ಬೇಯಿಸಿದ್ದನ್ನು ದುಬಾರಿ ಹೋಟೆಲಲ್ಲೂ ತಿಂದಿಲ್ಲ. ಬಸುರಿಯರು, ವಯಸ್ಸಾದವರು ಊಟಕ್ಕಿದ್ದರೆ ಮಾತ್ರ ಅಮೆರಿಕದ ಕೃಷಿ ಇಲಾಖೆ ಹೇಳುವ 63 ಡಿಗ್ರಿಗೆ ಒಯ್ದು, ಇಳಿಸಿ 3 ನಿಮಿಷ ಬಿಡುತ್ತೇನೆ.

ಇದನ್ನೇ ಅರ್ಧ ಬೆಲೆಯ ಭುಜದ ಕಟ್‌ಗೂ ಮಾಡಿ ನೋಡಿದೆ. ರುಚಿಯಲ್ಲಿ ರಿಬ್‌ಐಗಿಂತ ಒಂದು ಕೈ ಮೇಲು. ಆದರೆ ನಡುವೆ ಓಡುವ ಗಟ್ಟಿ ನಾರಿನ ಪಟ್ಟಿ 55 ಡಿಗ್ರಿಗೆ ಬಗ್ಗೋದಿಲ್ಲ, ಅದಕ್ಕೆ ಗಂಟೆಗಟ್ಟಲೆ ಕುದಿ ಬೇಕು. ಅದನ್ನು ಮೊದಲೇ ಕತ್ತರಿಸಿ ಸೂಪಿಗೆ ಎತ್ತಿಟ್ಟು, ಬೆಂದ ಮಾಂಸವನ್ನು ಎಳೆಗೆ ಅಡ್ಡಲಾಗಿ ತೆಳ್ಳಗೆ ಕೊಯ್ಯಿರಿ.