ಹಳೆಯ ಎಂಜಿನ್ ಆಯಿಲ್ ಡಬ್ಬಿಯ ಕಾಲವನ್ನು ಗುರುತಿಸುವುದು ಹೇಗೆ?

ಗುಜರಿ ಅಂಗಡಿಯಲ್ಲೋ ಮುಚ್ಚಿಹೋದ ಗ್ಯಾರೇಜಿನ ಅಟ್ಟದಲ್ಲೋ ಸಿಗುವ ತಗಡಿನ ಎಂಜಿನ್ ಆಯಿಲ್ ಡಬ್ಬಿಗಳ ಮೇಲೆ ತಯಾರಾದ ವರ್ಷ ನಮೂದಾಗಿರುವುದು ಅಪರೂಪ. ‘ಬ್ರಿಟಿಷರ ಕಾಲದ್ದು ಸಾರ್’ ಎಂಬ ಮಾರಾಟಗಾರರ ಮಾತಿಗೆ ಬೆಲೆ ಕಟ್ಟುವ ಬದಲು ಡಬ್ಬಿಯ ಮೇಲಿನ ಅಕ್ಷರಗಳನ್ನು ಸಾವಧಾನವಾಗಿ ಓದಿದರೆ, ಅದು ಯಾವ ವರ್ಷಕ್ಕಿಂತ ಹಿಂದಿನದಲ್ಲ, ಯಾವ ವರ್ಷದ ನಂತರದ್ದಲ್ಲ ಎಂಬ ಎರಡು ಗಡಿಗಳು ಸಿಗುತ್ತವೆ. ಈ ಎರಡರ ನಡುವಿನ ಅಂತರವನ್ನು ಕಿರಿದಾಗಿಸುತ್ತ ಹೋಗುವುದೇ ಕೆಲಸ.

ಮೊದಲು ಕಂಪನಿಯ ಪೂರ್ಣ ಹೆಸರನ್ನು ನೋಡಬೇಕು. ಬರ್ಮಾ-ಶೆಲ್ ಭಾರತದಲ್ಲಿ 1928ರಲ್ಲಿ ಸ್ಥಾಪನೆಯಾಗಿ 1976ರ ಜನವರಿಯಲ್ಲಿ ರಾಷ್ಟ್ರೀಕರಣಗೊಂಡಿತು. ಭಾರತ್ ಪೆಟ್ರೋಲಿಯಂ ಎಂಬ ಹೆಸರು ಬಂದದ್ದು 1977ರಲ್ಲಿ. ಸ್ಟ್ಯಾಂಡರ್ಡ್-ವ್ಯಾಕ್ಯೂಮ್ ಕಂಪನಿ 1962ರಲ್ಲಿ ಒಡೆದ ಮೇಲೆ ಇಲ್ಲಿ ಎಸ್ಸೊ ನೆಲೆಯಾಯಿತು, 1974ರಲ್ಲಿ ಅದು ಹಿಂದೂಸ್ತಾನ್ ಪೆಟ್ರೋಲಿಯಂನೊಳಗೆ ಸೇರಿತು. ಇಂಡಿಯನ್ ಆಯಿಲ್‌ನ ‘ಸರ್ವೋ’ ಡಬ್ಬಿಯಾದರೆ 1972ಕ್ಕಿಂತ ಹಳೆಯದಾಗಿರಲಾರದು. ಕ್ಯಾಸ್ಟ್ರಾಲ್ ಡಬ್ಬಿಯಲ್ಲಿ ತಯಾರಕರ ಹೆಸರು ‘ವೇಕ್‌ಫೀಲ್ಡ್’ ಎಂದಿದ್ದರೆ, ಕಂಪನಿಯ ಹೆಸರೇ ಕ್ಯಾಸ್ಟ್ರಾಲ್ ಎಂದು ಬದಲಾದ 1960ಕ್ಕೆ ಮುಂಚಿನದೆಂದು ಭಾವಿಸಬಹುದು. ಆದರೆ ಮೊದಲೇ ಮುದ್ರಿಸಿಟ್ಟ ಡಬ್ಬಿಗಳನ್ನು ಮುಗಿಯುವವರೆಗೂ ಬಳಸುವ ಸಾಧ್ಯತೆ ಇರುವುದರಿಂದ, ಇಂತಹ ಕೊನೆಯ ಗಡಿಗಳಿಗೆ ಒಂದೆರಡು ವರ್ಷದ ಸಡಿಲವನ್ನು ಬಿಡುವುದು ಒಳ್ಳೆಯದು.

ಲಾಂಛನಕ್ಕಿಂತ ಅಳತೆಯ ಸಾಲು ಹೆಚ್ಚು ನಂಬಿಕೆಗೆ ಅರ್ಹ ಎಂಬುದು ನನ್ನ ಅಭಿಪ್ರಾಯ. ಡಬ್ಬಿಯ ಕೆಳಅಂಚಿನಲ್ಲಿ, ಅನೇಕ ಸಲ ತುಕ್ಕಿನೊಳಗೆ ಅರ್ಧ ಮುಚ್ಚಿಹೋಗಿರುವ ಈ ಸಾಲಿನಲ್ಲಿ ಗ್ಯಾಲನ್ ಅಥವಾ ಪಿಂಟ್ ಮಾತ್ರವಿದೆಯೇ, ಲೀಟರ್ ಇದೆಯೇ, ಎರಡೂ ಇವೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಮೆಟ್ರಿಕ್ ಪದ್ಧತಿಗೆ ಕಾಯ್ದೆಯಾದದ್ದು 1956ರಲ್ಲಿ. ಹಂತಹಂತವಾಗಿ ಅದು ಬಳಕೆಗೆ ಬಂದದ್ದು 1958ರಿಂದ 1960ರ ದಶಕದ ಆರಂಭದವರೆಗೆ. ಆದ್ದರಿಂದ ಗ್ಯಾಲನ್ ಜೊತೆಗೆ 4.546 ಲೀಟರ್ ಎಂದೂ ಬರೆದಿರುವ ಭಾರತೀಯ ಡಬ್ಬಿ ಬಹುತೇಕ ಆ ಬದಲಾವಣೆಯ ಕಾಲದ್ದು. ಅಮೆರಿಕದ ಗ್ಯಾಲನ್ 3.785 ಲೀಟರ್ ಮಾತ್ರ. ಆ ಅಳತೆ ಕಂಡರೆ ಡಬ್ಬಿ ಅಲ್ಲಿಂದ ಬಂದದ್ದು, ಅದಕ್ಕೆ ನಮ್ಮ ಕಾಯ್ದೆಗಳ ಲೆಕ್ಕ ಹೊಂದುವುದಿಲ್ಲ.

ಮುಂದಿನದು ವಿಳಾಸ. ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು, ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು, ಬಾಂಬೆ ಮುಂಬೈಯಾದದ್ದು 1995ರಲ್ಲಿ. ಪೊಟ್ಟಣ ಸರಕುಗಳ ನಿಯಮಗಳು 1977ರಲ್ಲಿ ಬಂದ ಮೇಲೆ ಬೆಲೆಯನ್ನೂ ತುಂಬಿದ ತಿಂಗಳು, ವರ್ಷಗಳನ್ನೂ ನಮೂದಿಸಬೇಕಾಯಿತು. ಹೀಗಾಗಿ ಆ ನಂತರದ ಡಬ್ಬಿಯಾದರೆ ಮುಚ್ಚಳ ಮತ್ತು ತಳದಲ್ಲಿ ಮಾಸಿದ ಶಾಯಿಯ ಮುದ್ರೆಗಾಗಿ ಹುಡುಕಿ ನೋಡಬೇಕು.

ಎಣ್ಣೆಯ ದರ್ಜೆಯೂ ಸುಳಿವು ಕೊಡುತ್ತದೆ. ಎಣ್ಣೆಯ ಮಂದತೆಯನ್ನು ಸೂಚಿಸುವ ಎಸ್‌ಎಇ 30, 40 ಎಂಬ ಸಂಖ್ಯೆಗಳು ಬಹಳ ಹಳೆಯವಾದ್ದರಿಂದ ಅವುಗಳಿಂದ ಅಷ್ಟೇನೂ ತಿಳಿಯದು. ಎಣ್ಣೆ ಯಾವ ಬಗೆಯ ಬಳಕೆಗೆ ತಕ್ಕದ್ದೆಂದು ತಿಳಿಸುವ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಅಕ್ಷರಗಳು ಹಾಗಲ್ಲ. ಎಂಎಸ್, ಡಿಎಸ್ ಮುಂತಾದವು 1952ರಿಂದ ಬಂದವು. ಎಸ್‌ಸಿ, ಎಸ್‌ಡಿ, ಸಿಸಿ ಎಂಬ ಈಗಿನ ಮಾದರಿಯವು 1970ರ ನಂತರದವು.

ಉದಾಹರಣೆಗೆ, ಬರ್ಮಾ-ಶೆಲ್‌ನ ಹಳದಿ ಡಬ್ಬಿಯೊಂದರ ಮೇಲೆ ಐದು ಲೀಟರ್ ಎಂದಿದ್ದು, ಪಿನ್‌ಕೋಡ್ ಇಲ್ಲದೆ, ಚಿಪ್ಪಿನ ಚಿತ್ರದ ಒಳಗೇ ಶೆಲ್ ಎಂದು ಬರೆದಿದೆ ಎನ್ನೋಣ. ಹೆಸರು ಚಿಪ್ಪಿನಿಂದ ಹೊರಗೆ ಕೆಳಗಿಳಿದದ್ದು 1971ರ ಹೊಸ ಲಾಂಛನದಲ್ಲಿ. ಆದ್ದರಿಂದ ಇದು 1950ರ ದಶಕದ ಕೊನೆಯಿಂದ 1970ರ ದಶಕದ ಮೊದಲ ವರ್ಷಗಳ ನಡುವಿನದು. ಬ್ರಿಟಿಷರ ಕಾಲದ್ದಂತೂ ಅಲ್ಲ.

ಕೊನೆಗೆ ನಕಲಿಯ ಪರೀಕ್ಷೆ. ಭೂತಗನ್ನಡಿಯಲ್ಲಿ ನೋಡಿದಾಗ ಅಕ್ಷರಗಳೂ ಬಣ್ಣದ ಹಾಸೂ ಸಣ್ಣ ಬಣ್ಣಬಣ್ಣದ ಚುಕ್ಕೆಗಳಾಗಿ ಒಡೆದು ಕಂಡರೆ ಅದು ಹಳೆಯ ಡಬ್ಬಿಯ ಚಿತ್ರದಿಂದ ಮಾಡಿದ ಮರುಮುದ್ರಣವೆಂದು ಅನುಮಾನಿಸಬೇಕು. ಮೈಯೆಲ್ಲ ಒಂದೇ ಸಮನೆ ಹಿಡಿದ ತುಕ್ಕೂ ಅನುಮಾನಾಸ್ಪದವೇ; ನಿಜವಾದ ತುಕ್ಕು ತಳದ ಅಂಚು, ಬೆಸುಗೆ, ಹಿಡಿಕೆಯ ಬುಡಗಳಲ್ಲಿ ಹೆಚ್ಚಿರುತ್ತದೆ. ಡಬ್ಬಿ ನಿಮ್ಮದಾದ ಮೇಲೆ ಥಿನ್ನರ್ ಅಥವಾ ಮರಳುಕಾಗದ ಮುಟ್ಟಿಸುವ ಮುನ್ನ ಆರೂ ಬದಿಗಳ ಛಾಯಾಚಿತ್ರ ತೆಗೆದಿಡಿ, ಏಕೆಂದರೆ ಉಜ್ಜಿದಾಗ ಮೊದಲು ಅಳಿಸಿಹೋಗುವುದು ಕೆಳಅಂಚಿನ ಆ ಸಣ್ಣ ಅಕ್ಷರಗಳೇ.