ಅಕೇಶಿಯಾದಲ್ಲಿ ಮನೆ ಕಟ್ಟಿದ ಅನುಭವ

ಸಾಗರದ ಪಶ್ಚಿಮಕ್ಕೆ, ಶರಾವತಿ ಹಿನ್ನೀರಿನತ್ತ ಇಳಿಯುವ ಗುಡ್ಡವೊಂದರಲ್ಲಿ ಸುಮಾರು 900 ಚದರಡಿಯ ಮರದ ಮನೆಯನ್ನು ಅಕೇಶಿಯಾದಲ್ಲೇ ಕಟ್ಟುತ್ತೇನೆಂದಾಗ ನಮ್ಮ ಹಿರಿಯ ಬಡಗಿ ಆಚಾರ್ರು, "ಅದು ಒಲೆಗೆ ಹಾಕುವ ಮರ ಮಾರಾಯ್ರೆ, ಮನೆಗಲ್ಲ" ಎಂದು ನಕ್ಕಿದ್ದರು. ಮನೆ ಮೂರು ಮಳೆಗಾಲ ಕಂಡಿರುವುದರಿಂದ ಈಗ ಬರೆಯುವ ಧೈರ್ಯ ಬಂದಿದೆ.

ಮೊದಲ ವರ್ಷ ಅವರ ಮಾತೇ ಗೆದ್ದಿತು. ಮಾರ್ಚಿನಲ್ಲಿ ಕೊಯ್ಸಿದ ಹಸಿ ಮರವನ್ನು ತಗಡಿನ ಮಾಡಿನಡಿ ಪೇರಿಸಿಟ್ಟಿದ್ದೆ. ಯುಗಾದಿ ಕಳೆದು ತಿಂಗಳಾಗುವಷ್ಟರಲ್ಲಿ ಮಾಡಿಗೆ ಹಾಕುವ ಪಕಾಸುಗಳ ತುದಿ ಸೀಳಿ, ಹಲಗೆಗಳು ದೋಣಿಯಂತೆ ಬಾಗಿದವು. ಎಪ್ಪತ್ತು ಘನ ಅಡಿಯಷ್ಟು (ಸಿಎಫ್‌ಟಿ) ಮರ ನಿಜಕ್ಕೂ ಒಲೆಗೇ ಹೋಯಿತು. ಕೊಯ್ತ, ಸಾಗಣೆ ಸೇರಿ 80 ಸಾವಿರದ ಆಸುಪಾಸು ನನ್ನ ಕೈಯಿಂದಲೇ ಭರಿಸಿದೆ. ನನ್ನಿಂದ ಮನೆ ಕಟ್ಟಿಸುತ್ತಿದ್ದವರಿಗೆ ಹೇಳಲಿಲ್ಲ.

ಮರುವರ್ಷ ಮಳೆ ನಿಂತ ಮೇಲೆ ಕಡಿಸಿ, ಕೊಯ್ದ ದಿನವೇ ತುದಿಗಳಿಗೆ ಮೇಣ ಬಳಿದು, ಗಾಳಿಯಾಡುವ ಕೊಟ್ಟಿಗೆಯ ನೆರಳಿನಲ್ಲಿ ಸಾಲುಗಳ ನಡುವೆ ಎರಡಡಿಗೊಂದು ರೀಪು (ತೆಳು ಪಟ್ಟಿ) ಕೊಟ್ಟು ಪೇರಿಸಿ, ಮೇಲೆ ಕಲ್ಲು ಹೇರಿದೆ. ಏಪ್ರಿಲ್ ಕೊನೆಗೆ ಮರದ ತೇವಾಂಶ ಅಳೆಯುವ ಮೀಟರು ಶೇ. 14 ತೋರಿಸಿತು, ಮಳೆಗೆ ಮುನ್ನ ಹೆಂಚು ಹೊದೆಸಿ ಮುಗಿಸಿದೆವು.

ಧರೆ ಕಡಿದು ಮಟ್ಟ ಮಾಡಲು ನಾನು ಒಪ್ಪಲಿಲ್ಲ. ಇಳಿಜಾರಿಗೆ ಅಡ್ಡಲಾಗಿ ಉದ್ದಕ್ಕೆ ಮನೆಯನ್ನು ಜಂಬಿಟ್ಟಿಗೆಯ (ಕೆಂಪು ಮುರಕಲ್ಲಿನ) ಕಂಬಗಳ ಮೇಲೆ ನಿಲ್ಲಿಸಿದ್ದರಿಂದ ಮಳೆನೀರು ಅಡಿಯಲ್ಲಿ ತನ್ನ ದಾರಿಯಲ್ಲೇ ಹರಿಯುತ್ತದೆ, ಒರಲೆ (ಗೆದ್ದಲು) ಮಣ್ಣಿನ ಗೆರೆ ಎಳೆದರೆ ಕಣ್ಣಿಗೆ ಬೀಳುತ್ತದೆ. ಒಂದು ನೇರಳೆ ಮರಕ್ಕಾಗಿ ಜಗಲಿ ಒಳಸರಿಯಿತು. ಸೂರು ನಾಲ್ಕಡಿ ಹೊರಚಾಚಿದೆ. ಅಲ್ಲಿಯ ಗಾಳಿಮಳೆಗೆ ಮೂರಡಿ ಸಾಲದು.

ಅಂಗಡಿಯ ಪಾಲಿಶು ಕಾಡಿನ ನಡುವೆ ಕಣ್ಣಿಗೆ ಹೊಡೆಯುತ್ತದೆಂದು ಅಡಿಕೆ ಬೇಯಿಸಿದ ಚೊಗರನ್ನೇ ಮೂರು ಸಲ ಬಳಿದು ನೋಡಿದೆ. ಹಲಗೆ ಜಂಬಿಟ್ಟಿಗೆಯ ಕೆಂಪಿಗೆ ತಿರುಗಿತು, ಆದರೆ ಕಬ್ಬಿಣದ ಮೊಳೆ ಹೊಡೆದಲ್ಲೆಲ್ಲ ಎರಡೇ ದಿನಕ್ಕೆ ಶಾಯಿಯಂತಹ ಕಪ್ಪು ಗೆರೆ ಇಳಿಯಿತು. ಚೊಗರಿನ ಒಗರಿಗೂ ಕಬ್ಬಿಣಕ್ಕೂ ಆಗಿಬರುವುದಿಲ್ಲ. ಎಲ್ಲವನ್ನೂ ಕಿತ್ತು ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಲು 20 ಸಾವಿರದಷ್ಟು ತಗಲಿತು. ಹುಳ ಹಿಡಿಯದಂತೆ ಒಳಗಿನ ಮರಕ್ಕೆ ಬೋರಾಕ್ಸ್, ಬೋರಿಕ್ ಆಸಿಡ್ ಸಾಕು. ಮಳೆ ಬಡಿಯುವಲ್ಲಿ ಅದು ತೊಳೆದುಹೋಗುವುದರಿಂದ ಹೊರಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿದ್ದೇನೆ. ಚೊಗರಿನ ಕೆಂಪು ಮಸುಕಾಗದಂತೆ ಆ ಎಣ್ಣೆಗೆ ಏನು ಬೆರೆಸಿದೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಒಟ್ಟು ಖರ್ಚು 19 ಲಕ್ಷದ ಸುತ್ತ. ಸಾಗುವಾನಿಯಾಗಿದ್ದರೆ ಮರಕ್ಕೇ ಇನ್ನೂ ಏಳೆಂಟು ಲಕ್ಷ ಬೇಕಿತ್ತು. ಪಶ್ಚಿಮದ ಗೋಡೆಯ ಕೆಳಗಿನ ಎರಡು ಹಲಗೆಗಳು ಮಾತ್ರ ಹಾವಸೆ ಹಿಡಿದು ಮೆತ್ತಗಾಗಿವೆ. ದೀಪಾವಳಿ ಕಳೆದ ಮೇಲೆ ಬದಲಿಸಬೇಕು.